ನಿಮ್ಮ ಬದಲು ನಾವು

ಆ ಬೋರ್ಡು ಬರೆಸಿದ್ದೇ ತಪ್ಪಾಯಿತು. ಅದೊಂದು ಇಲ್ಲದಿದ್ದರೆ ಎದುರಿನ ಕನ್ನಡಕದಂಗಡಿಯವನು ಆ ಮಧ್ಯಾಹ್ನ ಮೆಟ್ಟಿಲು ಹತ್ತಿ ಬರುತ್ತಲೂ ಇರಲಿಲ್ಲ, ನಮ್ಮ ಪುಟ್ಟಿ ಅಂಥ ಪೇಚಿಗೆ ಸಿಕ್ಕಿಕೊಳ್ಳುತ್ತಲೂ ಇರಲಿಲ್ಲ.

ಪುಟ್ಟಿ ಅಂದರೆ ಸಣ್ಣ ಹುಡುಗಿಯೇನಲ್ಲ. ಕಾಲ್ ಸೆಂಟರಿನಲ್ಲಿ ಕೂತು ಕಂಡವರ ಬೈಗುಳಕ್ಕೆಲ್ಲ ಜೇನಿನಂಥ ದನಿಯಲ್ಲಿ ‘ಕ್ಷಮಿಸಿ ಸರ್’ ಎಂದು ಹೇಳಿ ಹೇಳಿ ಸಾಕಾಗಿ, ಇನ್ನು ಸ್ವಂತದ್ದೇನಾದರೂ ಮಾಡುತ್ತೇನೆಂದು ಕೆಲಸ ಬಿಟ್ಟು ಬಂದವಳು. ಎತ್ತಿ ಆಡಿಸಿದ ಸೋದರಮಾವ ಅಂದು ಕರೆದ ಹೆಸರು ಹಾಗೇ ಉಳಿದುಕೊಂಡಿತ್ತು. ಮಾವನದು ಬಟ್ಟೆ ಹೊಲಿಯುವ ಅಂಗಡಿ. ಅದರ ಮೇಲಿನ ಕೋಣೆಯಲ್ಲಿ, ಕೆಟ್ಟುಹೋದ ಹೊಲಿಗೆ ಮಷೀನೊಂದನ್ನು ಮೂಲೆಗೆ ತಳ್ಳಿ, ಪುಟ್ಟಿಯ ಮೊಬೈಲ್ ಪ್ರಾಕ್ಸಿ ಬಿಸಿನೆಸ್ಸು ಶುರುವಾಗಿತ್ತು.

ಹಾಗೆಂದರೇನು ಎಂದು ಕೇಳಿ ಕೇಳಿ ಮಾವ ಸೋತಿದ್ದರು. ಅವರಿಗೆ ಗೊತ್ತಿದ್ದ ಪ್ರಾಕ್ಸಿ ಒಂದೇ. ಕಾಲೇಜಿನಲ್ಲಿ ಗೆಳೆಯನ ಬದಲು ‘ಪ್ರೆಸೆಂಟ್ ಸಾರ್’ ಎಂದು ಕೂಗಿ, ಮೇಷ್ಟ್ರ ಕೈಗೆ ಸಿಕ್ಕಿಬಿದ್ದು, ಅಪ್ಪನನ್ನು ಕರೆದುಕೊಂಡು ಬಾ ಎನ್ನಿಸಿಕೊಂಡಿದ್ದರು. ಈಗ ನೀನು ಯಾರ ಅಟೆಂಡೆನ್ಸು ಹಾಕುತ್ತೀ ಎಂದು ಅವರು ಕೇಳಿದ್ದಕ್ಕೆ ಪುಟ್ಟಿ ತಾಳ್ಮೆಯಿಂದ ಬಿಡಿಸಿ ಹೇಳಿದಳು. ಎಲ್ಲೋ ದೂರದ ಊರಿನ ಕಂಪನಿಯವರಿಗೆ ತಮ್ಮ ಆ್ಯಪು ಈ ಊರಿನ ಮೊಬೈಲಿನಲ್ಲಿ ಸರಿಯಾಗಿ ಕಾಣುತ್ತದೋ ಇಲ್ಲವೋ ನೋಡಬೇಕಾಗುತ್ತದೆ. ಅವರು ಇಲ್ಲಿಗೆ ಬರುವುದುಂಟೆ? ಅದಕ್ಕೇ ಸಿಮ್ ಹಾಕಿದ ಈ ಹಳೆಯ ಫೋನುಗಳು. ಅವರು ಅಲ್ಲಿ ಕೂತು ಈ ಫೋನುಗಳ ಮೂಲಕ ಇಂಟರ್ನೆಟ್ಟಿಗೆ ಬರುತ್ತಾರೆ, ಹಾಗೆ ಬಂದಾಗ ಈ ಊರಿನವರಂತೆಯೇ ಕಾಣುತ್ತಾರೆ. ಯಾರು, ಯಾಕೆ ಎಂದು ತಿಳಿಯದೆ ಫೋನು ಕೊಡುವುದಿಲ್ಲ, ಅಷ್ಟೇ ಅವಳ ನಿಯಮ.

“ಅಂದ್ರೆ ಕಂಪನಿಗಳ ಅಟೆಂಡೆನ್ಸು,” ಎಂದರು ಮಾವ, ಅರ್ಥವಾದವರಂತೆ.

ಬೋರ್ಡು ಅವರದೇ ಹಟ. ಗಿರಾಕಿಗಳು ಬರುವುದು ಬೀದಿಯಿಂದಲ್ಲ, ಇಂಟರ್ನೆಟ್ಟಿನಿಂದ ಎಂದರೂ ಕೇಳಲಿಲ್ಲ. ಬೋರ್ಡಿಲ್ಲದ ಅಂಗಡಿ ಮೂಗಿಲ್ಲದ ಮುಖ ಇದ್ದ ಹಾಗೆ ಎಂದು ಪೇಂಟರನ್ನು ಕರೆಸಿಯೇ ಬಿಟ್ಟರು. ಹೆಸರಿನ ಕೆಳಗೆ ಇನ್ನೇನು ಬರೆಯಲಿ ಎಂದು ಪೇಂಟರು ಕೇಳಿದಾಗ ಪುಟ್ಟಿಗೆ ಆ ಸಾಲು ಹೊಳೆಯಿತು. ಮೊಬೈಲ್ ಪ್ರಾಕ್ಸಿ ಸೇವೆ. ನಿಮ್ಮ ಬದಲು ನಾವು. ಬರೆದದ್ದನ್ನು ಬೀದಿಗಿಳಿದು ನೋಡಿ ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡಳು.

ಮೆಚ್ಚಿಕೊಳ್ಳಲು ಬೇರೇನೂ ಇರಲಿಲ್ಲ, ಪಾಪ. ವಿಡಿಯೋ ನೋಡಿ ಕಲಿತ ವಿದ್ಯೆ. ಅದರಲ್ಲಿ ಹೇಳಿದ ಹಾಗೆ ಒಂದೂ ನಡೆಯುತ್ತಿರಲಿಲ್ಲ. ಒಂದು ಕಂಪನಿ ಮಾತ್ರ ಪರೀಕ್ಷೆಗೆಂದು ಒಪ್ಪಿತ್ತು. ಅವರಿಗೆ ‘ಸ್ಟಿಕಿ’ ಬೇಕಿತ್ತು, ಅಂದರೆ ಫೋನಿನ ಇಂಟರ್ನೆಟ್ ವಿಳಾಸ ದಿನವಿಡೀ ಬದಲಾಗದೆ ಅಂಟಿಕೊಂಡಿರಬೇಕು. ಪುಟ್ಟಿಯ ಫೋನುಗಳೋ ಒಂದರ ಮೇಲೊಂದು ಬಿದ್ದುಕೊಂಡು, ಬಿಸಿಯಾಗಿ, ತಮ್ಮಷ್ಟಕ್ಕೆ ತಾವೇ ಆಫಾಗಿ ಆನಾಗಿ, ಪ್ರತಿಸಲವೂ ಹೊಸ ವಿಳಾಸ ಹಿಡಿದುಕೊಂಡು ಏಳುತ್ತಿದ್ದವು. ಯಾವುದು ಕೆಟ್ಟಿದೆ, ಯಾವುದು ನೆಟ್ಟಗಿದೆ ಎಂದು ತಲೆಬುಡ ತಿಳಿಯದೆ ಅವಳು ಕಿಟಕಿಯ ಬಳಿ ಹೋಗಿ ನಿಲ್ಲುತ್ತಿದ್ದಳು.

ಕಿಟಕಿಯಿಂದ ಕನ್ನಡಕದಂಗಡಿ ಕಾಣುತ್ತಿತ್ತು. ಅದರ ಒಡೆಯ, ತಾನು ಮಾತ್ರ ಕನ್ನಡಕ ಹಾಕದವನು, ಯಾರೋ ಅಜ್ಜಿಯ ಮೂಗಿನ ಮೇಲೆ ಹೊಸ ಕನ್ನಡಕ ಇಟ್ಟು, ಒಂದು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡುತ್ತಿದ್ದ. ಮತ್ತೆ ಮುಂದೆ ಬಂದು ಎರಡು ಬೆರಳಿನಿಂದ ಕಿವಿಯ ಹತ್ತಿರದ ಕಡ್ಡಿಯನ್ನು ಎಳ್ಳಷ್ಟು ಎತ್ತುತ್ತಿದ್ದ. ಅಜ್ಜಿ ಕನ್ನಡಿ ನೋಡಿಕೊಂಡು ನಾಚುತ್ತಿದ್ದಳು. ಇಷ್ಟನ್ನು ಪುಟ್ಟಿ ಎಷ್ಟು ಸಲ ನೋಡಿದ್ದಳೋ ಅವಳಿಗೇ ಲೆಕ್ಕವಿಲ್ಲ.

ಹೀಗಿರುವಾಗ ಅವನೇ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರೆ ಯಾರಿಗಾದರೂ ಕೈಕಾಲು ಆಡುತ್ತದೆಯೇ?

“ನಿಮ್ಮ ಬದಲು ನಾವು ಅಂತ ಬರೆದಿದೆಯಲ್ಲ,” ಎಂದ ಅವನು, ನೆಲ ನೋಡುತ್ತ.

“ಹೌದು, ಕೂತ್ಕೊಳ್ಳಿ. ನಿಮ್ಮದು ಯಾವ ಕಂಪನಿ?”

“ಕಂಪನಿ ಏನಿಲ್ಲ. ಅಕ್ಕ.”

“ಅಕ್ಕನ ಕಂಪನಿಯಾ?”

“ಅಲ್ಲ ಮೇಡಂ. ಅಕ್ಕನಿಗೆ ನನ್ನ ಬದಲು ಒಂದು ಫೋನ್ ಮಾಡ್ಬೇಕಿತ್ತು.”

ಪುಟ್ಟಿಗೆ ತಕ್ಷಣ ಏನೂ ಅರ್ಥವಾಗಲಿಲ್ಲ. ಅಭ್ಯಾಸದ ಮೇಲೆ, ವಿಳಾಸ ಬದಲಾಗುತ್ತಿರಬೇಕೋ ಸ್ಟಿಕಿ ಬೇಕೋ ಎಂದು ಕೇಳಿಬಿಟ್ಟಳು. ಸಾದಾ ಫೋನು ಸಾಕು ಎಂದ ಅವನು, ಬಹಳ ವಿನಯದಿಂದ.

ಆಮೇಲೆ ವಿಷಯ ತುಂಡುತುಂಡಾಗಿ ಹೊರಬಿತ್ತು. ಅಮ್ಮ ಹೋದ ಮೇಲೆ ಅವನನ್ನು ಬೆಳೆಸಿದ್ದು ಅಕ್ಕ. ಈಗ ಮದುವೆಯಾಗಿ ಬೇರೆ ಊರಿನಲ್ಲಿದ್ದರೂ ತಮ್ಮನ ಮಾತೆಲ್ಲ ಅವಳೇ ಮುಗಿಸುತ್ತಾಳೆ. ಇವನು ‘ನನಗೆ ಅದು…’ ಎನ್ನುವಷ್ಟರಲ್ಲಿ ‘ಇಷ್ಟ ಅಂತ ಗೊತ್ತು ಬಿಡೋ’ ಎಂದಿರುತ್ತಾಳೆ. ಅಂಗಡಿಯ ಗೋಡೆಗೆ ಹಸಿರು ಬಣ್ಣ ಬಂದದ್ದು ಹೀಗೆ. ಮನೆಗೆ ಯಾರೂ ಕೂರಲಾಗದ ಸೋಫಾ ಬಂದದ್ದೂ ಹೀಗೆ. ಈಗ ಹೆಂಡತಿ ಬರುವುದರಲ್ಲಿದ್ದಾಳೆ. ಹುಡುಗಿ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಾಳೆ, ಒಳ್ಳೆಯವಳೇ ಇರಬೇಕು. ಈ ವಾರ ಅಕ್ಕ ಹುಡುಗಿಯ ಮನೆಯವರಿಗೆ ಮಾತು ಕೊಟ್ಟುಬಿಡುತ್ತಾಳೆ. ಅಷ್ಟರೊಳಗೆ ಯಾರಾದರೂ ‘ಬೇಡ’ ಎನ್ನಬೇಕು. ತನ್ನ ಬಾಯಿಗೆ ಅದು ಬರುವುದಿಲ್ಲ.

“ಯಾಕೆ ಬೇಡ ಅಂತ ಕೇಳಿದ್ರೆ ಏನನ್ನಲಿ?”

ಅವನು ತಲೆಯೆತ್ತಿ ಅವಳನ್ನು ನೋಡಿದ. ದಿನವಿಡೀ ಊರವರ ಕಣ್ಣೊಳಗೆ ಇಣುಕುವವನ ನೋಟ ಅದು, ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಮರುಗಳಿಗೆ ಅವನೇ ನೋಟ ಕಿತ್ತು ಫೋನುಗಳ ರಾಶಿಯ ಮೇಲಿಟ್ಟ. ಕಾರಣವೆಲ್ಲ ಬೇಡ, ಬೇಡ ಅಂತಷ್ಟೇ ಹೇಳಿ ಎಂದ.

ನಮ್ಮ ಬಿಸಿನೆಸ್ಸು ಅದಲ್ಲ ಸ್ವಾಮಿ ಎಂದು ಪುಟ್ಟಿ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಕೆಟ್ಟ ಸುದ್ದಿಯನ್ನು ಸಿಹಿಯಾಗಿ ಹೇಳುವುದರಲ್ಲಿ ಅವಳು ಪಳಗಿದವಳು, ಅದೊಂದು ಧೈರ್ಯ. ಇನ್ನೊಂದು ಕಾರಣವೂ ಇತ್ತು. ಆ ‘ಬೇಡ’ ಎಂಬ ಮಾತು ಕೇಳಿ ಅವಳ ಹೊಟ್ಟೆಗೆ ಹಾಲು ಹೊಯ್ದ ಹಾಗಾಗಿತ್ತು. ಯಾಕೆಂದು ಅವಳು ತನ್ನನ್ನೇ ಕೇಳಿಕೊಳ್ಳಲು ಹೋಗಲಿಲ್ಲ, ನಂಬರು ಒತ್ತಿದಳು.

“ನಮಸ್ಕಾರ. ನಿಮ್ಮ ತಮ್ಮನ ಬದಲು ನಾನು ಮಾತಾಡ್ತಿದೀನಿ.”

“ಅವನ ಬದಲು? ನೀನ್ಯಾರಮ್ಮ?”

“ಎದುರುಗಡೆ ಮಹಡಿ ಮೇಲಿರೋಳು. ನಾನು ಅವರ ಪ್ರಾಕ್ಸಿ. ಅಂದ್ರೆ, ಅವರ ಜಾಗದಲ್ಲಿ ನಾನು. ಆ ಬ್ಯಾಂಕಿನ ಸಂಬಂಧ ಅವರಿಗೆ ಬೇಡವಂತೆ. ಹೇಳೋಕೆ ಅವರಿಗೆ ಬಾಯಿ ಬರ್ತಿಲ್ಲ.”

“ಹೂಂ. ಎಷ್ಟು ದಿನದಿಂದ ಇದು?”

“ಈಚೆಗಷ್ಟೇ ಶುರು ಮಾಡಿದ್ದು,” ಎಂದಳು ಪುಟ್ಟಿ. ಬಿಸಿನೆಸ್ಸಿನ ವಿಚಾರ ಕೇಳುತ್ತಿದ್ದಾರೆ, ವಿಚಾರವಂತ ಹೆಂಗಸು ಎಂದುಕೊಂಡಳು.

“ನಿಮ್ಮ ಮನೇಲಿ ಗೊತ್ತಾ?”

“ಮಾಮನಿಗೆ ಗೊತ್ತು. ಅವರೇ ಬೋರ್ಡ್ ಬರೆಸಿದ್ದು.”

“ಬೋರ್ಡ್ ಬೇರೆ ಬರೆಸಿದಾರಾ?” ಅಕ್ಕನ ದನಿ ಮೇಲೇರಿತು, ಆಮೇಲೆ ಅದೇ ದನಿ ನಗುವಾಯಿತು. “ಕಳ್ಳ. ಒಂದು ಮಾತು ನನಗೆ ಹೇಳಿಲ್ಲ ನೋಡು. ಆಗಲಿ ಬಿಡು, ಭಾನುವಾರ ನಾನೇ ಬರ್ತೀನಿ.”

ಫೋನು ಕಟ್ಟಾಯಿತು. ಬಾಗಿಲ ಕಡೆ ಮುಖ ಮಾಡಿ ನಿಂತಿದ್ದವನು ತಿರುಗದೆಯೇ ಬೈದಳಾ ಎಂದು ಕೇಳಿದ. ಇಲ್ಲ, ಖುಷಿಯಾಗಿದ್ದರು ಎಂದಳು ಪುಟ್ಟಿ. ಬೇಡ ಎಂದರೆ ಖುಷಿಯಾಗುವ ಅಕ್ಕನನ್ನು ಅವನು ಕಂಡೇ ಇರಲಿಲ್ಲ. ಇಬ್ಬರೂ ಬೆಪ್ಪಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸಂಜೆ ಮಾವನಿಗೆ ಗುಂಡಿ ಆರಿಸಿ ಕೊಡುತ್ತ ಕೂತಿದ್ದಾಗ ಪುಟ್ಟಿಗೆ ಇದ್ದಕ್ಕಿದ್ದಂತೆ ಆ ಮಾತು ನೆನಪಾಯಿತು. ಬೋರ್ಡ್ ಬೇರೆ ಬರೆಸಿದಾರಾ. ಎಷ್ಟು ದಿನದಿಂದ ಇದು. ಮನೇಲಿ ಗೊತ್ತಾ. ಕೈಯಲ್ಲಿದ್ದ ಗುಂಡಿಗಳೆಲ್ಲ ನೆಲಕ್ಕೆ ಚೆಲ್ಲಿದವು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯ ಆ ಅಕ್ಕ ಏನು ತಿಳಿದುಕೊಂಡಿದ್ದಾಳೆಂದು ಹೊಳೆದು ಅವಳ ಕಿವಿಯ ತುದಿಯವರೆಗೂ ಬಿಸಿಯೇರಿತು.

ಹೋಗಿ ಹೇಳಿಬಿಡಬೇಕು, ಈಗಲೇ. ಆದರೆ ಹೇಳಿದರೆ ಅಕ್ಕ ಮತ್ತೆ ಬ್ಯಾಂಕಿನವರ ಕಡೆ ತಿರುಗುತ್ತಾಳೆ. ಹೇಳದಿದ್ದರೆ, ಯಾರು ಯಾಕೆ ಎಂದು ಎಲ್ಲರಲ್ಲೂ ಪ್ರಾಮಾಣಿಕತೆ ಕೇಳುವವಳು ತಾನೇ ಸುಳ್ಳಿನ ಮೇಲೆ ಕೂತ ಹಾಗಾಯಿತು. ನುಂಗುವಂತಿಲ್ಲ, ಉಗುಳುವಂತಿಲ್ಲ. ನಾಳೆ ಹೇಳಿದರಾಯಿತೆಂದು ಗುಂಡಿ ಹೆಕ್ಕತೊಡಗಿದಳು.

ಆ ‘ನಾಳೆ’ ಅವನೇ ಬಂದ. ಕೈಯಲ್ಲಿ ಹಳೆಯದೊಂದು ಕನ್ನಡಕದ ಸ್ಟ್ಯಾಂಡು, ಫ್ರೇಮುಗಳನ್ನು ಸಾಲಾಗಿ ಇಡುವಂಥದ್ದು. ನಿಮ್ಮ ಫೋನುಗಳು ಉಸಿರು ಕಟ್ಟಿ ಸಾಯುತ್ತಿವೆ ಎಂದು ಅವನು ಒಂದೊಂದನ್ನೇ ಲೆನ್ಸ್ ಒರೆಸುವ ಬಟ್ಟೆಯಿಂದ ಒರೆಸಿ, ನಡುವೆ ಗಾಳಿ ಆಡುವಷ್ಟು ಜಾಗ ಬಿಟ್ಟು ನಿಲ್ಲಿಸಿದ. ಪುಟ್ಟಿ ಎದುರಿಗೆ ಟೇಬಲ್ ಫ್ಯಾನು ತಿರುಗಿಸಿಟ್ಟಳು. ಅಂದು ಸಂಜೆಯವರೆಗೂ ಒಂದು ಫೋನೂ ಆಫಾಗಲಿಲ್ಲ, ಒಂದು ವಿಳಾಸವೂ ಬದಲಾಗಲಿಲ್ಲ.

ಮರುದಿನವೂ ಬಂದ, ಒರೆಸಿದ. ಅದರ ಮರುದಿನವೂ ಬಂದ. ಫೋನುಗಳ ಮೇಲೆ ಅಷ್ಟು ಧೂಳು ಎಲ್ಲಿಂದ ಬರುತ್ತಿತ್ತೋ ದೇವರೇ ಬಲ್ಲ. ಪುಟ್ಟಿ ಪ್ರತಿಸಲವೂ ಬಾಯಿ ತೆರೆಯುತ್ತಿದ್ದಳು, ಅವನೂ ತೆರೆಯುತ್ತಿದ್ದ, ಇಬ್ಬರೂ ಒಟ್ಟಿಗೆ ‘ನೀವು ಹೇಳಿ’ ಎಂದು ಸುಮ್ಮನಾಗುತ್ತಿದ್ದರು. ಕೆಳಗಿನಿಂದ ಮಾವ ಕೆಮ್ಮುತ್ತಿದ್ದರು. ಅವರಿಗೆ ಕೆಮ್ಮೇನೂ ಇರಲಿಲ್ಲ.

ಕೊನೆಗೊಂದು ದಿನ, ನೀವು ಸ್ಕ್ರೀನ್ ನೋಡುವಾಗ ಕಣ್ಣು ಕಿರಿದು ಮಾಡುತ್ತೀರಿ, ಬನ್ನಿ, ನೋಡೋಣ ಎಂದು ಅವನು ಅಂಗಡಿಗೆ ಕರೆದ. ಆ ಹಸಿರು ಗೋಡೆಯ ಮುಂದೆ, ಎತ್ತರದ ಕುರ್ಚಿಯಲ್ಲಿ ಪುಟ್ಟಿ ಕೂತಳು. ಮೂಗಿನ ಮೇಲೆ ದಪ್ಪನೆಯ ಪರೀಕ್ಷೆಯ ಚೌಕಟ್ಟು ಕೂತಿತು. ಅವನು ಒಂದು ಗಾಜು ಹಾಕಿ ತೆಗೆದ, ಇನ್ನೊಂದು ಹಾಕಿದ. ಬೆರಳು ಕಿವಿಯ ಹತ್ತಿರ ಬಂದು, ಮುಟ್ಟಿತೋ ಇಲ್ಲವೋ ಎನ್ನುವಂತೆ ಸರಿಯಿತು.

“ಒಂದು… ಎರಡು. ಯಾವುದು ಸ್ಪಷ್ಟ?”

“ಎರಡೂ ಒಂದೇ ಥರ.”

“ಸರಿಯಾಗಿ ನೋಡಿ. ಕೊನೇ ಸಾಲು.”

ಅವಳು ಕೊನೆಯ ಸಾಲು ನೋಡುತ್ತಿರಲಿಲ್ಲ. ಅಷ್ಟು ಹತ್ತಿರದಲ್ಲಿ ಅವನ ಹುಬ್ಬಿನ ನಡುವೆ ಸಣ್ಣದೊಂದು ಗೆರೆ ಇರುವುದು ಕಾಣುತ್ತಿತ್ತು. ಅವನೂ ಗಾಜು ಬದಲಿಸುವುದನ್ನು ಮರೆತಿದ್ದ. ಅವಳ ಎಡಗಣ್ಣು ನೋಡಿ ಬಲಗಣ್ಣಿಗೆ ಬಂದು, ಮತ್ತೆ ಎಡಗಣ್ಣಿಗೆ ಹೋದ.

“ಅಕ್ಕ ಫೋನ್ ಮಾಡಿದ್ಲು,” ಎಂದ ಮೆಲ್ಲಗೆ. “ನೀವು ಹಾಗೆ ಹೇಳಿದ್ರಂತೆ.”

“ಹೇಗೆ?”

“ಹಾಗೆ. ನಾವಿಬ್ಬರೂ… ಅಂತ.”

ಪುಟ್ಟಿ ಗಾಬರಿಬಿದ್ದಳು. ಇವನ ಹೆಸರಿನಲ್ಲಿ ಕತೆ ಕಟ್ಟಿದವಳು ತಾನು ಎಂದು ಇವನು ತಿಳಿದರೆ ಏನು ಗತಿ? ಕಾಲ್ ಸೆಂಟರಿನ ನಾಲಿಗೆ ತಾನಾಗಿಯೇ ಮುಂದೆ ಬಂತು. “ಇಲ್ಲ ಇಲ್ಲ, ಖಂಡಿತ ನಾನು ಹಾಗೆ ಹೇಳಿಲ್ಲ. ಅವರು ತಪ್ಪು ತಿಳ್ಕೊಂಡಿದಾರೆ. ಹಾಗೇನೂ ಇಲ್ಲ ಅಲ್ವಾ?”

ಆ ಕೊನೆಯ ‘ಅಲ್ವಾ’ ಪ್ರಶ್ನೆಯಾಗಿತ್ತು. ಅವನಿಗೆ ಅದು ಪ್ರಶ್ನೆಯಾಗಿ ಕೇಳಿಸಲಿಲ್ಲ. ಚೌಕಟ್ಟನ್ನು ಅವಳ ಮುಖದಿಂದ ಹುಷಾರಾಗಿ ತೆಗೆದು, ಗಾಜುಗಳನ್ನು ಪೆಟ್ಟಿಗೆಯಲ್ಲಿ ಒಂದೊಂದಾಗಿ ಜೋಡಿಸಿದ. ನಿಮ್ಮ ಕಣ್ಣು ಚೆನ್ನಾಗಿದೆ, ಏನೂ ತೊಂದರೆ ಇಲ್ಲ ಎಂದ. ಆಮೇಲೆ ಪೆಟ್ಟಿಗೆಯನ್ನೇ ನೋಡುತ್ತ ಇನ್ನೊಂದು ಮಾತು ಹೇಳಿದ.

“ಭಾನುವಾರ ಅಕ್ಕ ಬಂದಾಗ ಅದನ್ನ ನೀವೇ ಹೇಳಿಬಿಡಿ. ನನ್ನ ಬದಲು.”

ಅಲ್ಲಿಂದ ಮುಂದೆ ಅವನು ಮೆಟ್ಟಿಲು ಹತ್ತಲಿಲ್ಲ. ಫೋನುಗಳ ಮೇಲೆ ನಿಜವಾಗಿಯೂ ಧೂಳು ಕೂತಿತು. ಆ ಕಂಪನಿಯವರು ಮಾತ್ರ ಬಹಳ ಖುಷಿಯಾಗಿ, ವಿಳಾಸಗಳು ಗೋಡೆಗೆ ಹೊಡೆದ ಮೊಳೆಯ ಹಾಗೆ ನಿಂತಿವೆ, ಇನ್ನು ಕಾಯಂ ಆಗಿ ನಿಮ್ಮ ಜೊತೆಗೇ ಎಂದು ಬರೆದರು. ಮೊದಲ ಗಿರಾಕಿ. ಪುಟ್ಟಿ ಕುಣಿಯಬೇಕಿತ್ತು. ಅವಳು ಅದನ್ನು ಓದಿ, ಸ್ಟ್ಯಾಂಡಿನ ಕಡೆ ನೋಡಿ, ಮುಖ ತೊಳೆದುಕೊಂಡು ಬಂದಳು. ಅವನಿಗೂ ಮನಸ್ಸಿದೆಯೋ, ಬರೀ ಉಪಕಾರಕ್ಕೆ ಬರುತ್ತಿದ್ದನೋ? ತನಗೆ ಬೇಕಾಗಿದೆಯೋ, ಬೋರ್ಡಿನ ಗೊಂದಲದಲ್ಲಿ ಹಾಗನ್ನಿಸುತ್ತಿದೆಯೋ? ಒಂದೂ ಬಗೆಹರಿಯಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಭಾನುವಾರ ತನ್ನ ಬಾಯಿಂದಲೇ ಅವನನ್ನು ಬಿಟ್ಟುಕೊಡಬೇಕು, ಅದೂ ಅವನ ಬದಲು.

ಭಾನುವಾರ ಅಕ್ಕ ಬಂದಳು. ಗಟ್ಟಿ ದನಿಯ, ಗಟ್ಟಿ ಮೈಯ ಹೆಂಗಸು. ಬೀದಿಯಲ್ಲೇ ನಿಂತು ಬೋರ್ಡನ್ನು ಮೊದಲಿನಿಂದ ಕೊನೆಯವರೆಗೆ ಓದಿ, ತಮ್ಮನನ್ನು ಮುಂದಿಟ್ಟುಕೊಂಡು ಮೆಟ್ಟಿಲು ಹತ್ತಿದಳು. ಹಿಂದೆಯೇ ಮಾವ, ಕುತ್ತಿಗೆಯಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಬಂದರು. ಕುರ್ಚಿ ಇದ್ದದ್ದು ಒಂದೇ, ಅಕ್ಕ ಕೂತಳು. ಉಳಿದವರು ಫೋನುಗಳ ಸುತ್ತ ನಿಂತರು.

ಪುಟ್ಟಿ ಅಭ್ಯಾಸದ ದನಿ ಹುಡುಕಿದಳು. ಸಿಗಲಿಲ್ಲ. ಬರೀ ತನ್ನ ದನಿಯಲ್ಲೇ ಎಲ್ಲವನ್ನೂ ಹೇಳಿದಳು. ಪ್ರಾಕ್ಸಿ ಎಂದರೆ ಇದು, ಈ ಫೋನುಗಳು, ಈ ಸಿಮ್ಮುಗಳು. ಶುರುವಾದದ್ದು ಬಿಸಿನೆಸ್ಸು, ಬೋರ್ಡು ಬರೆಸಿದ್ದು ಅದಕ್ಕೆ. ನಿಮ್ಮ ತಮ್ಮ ಬೋರ್ಡು ನೋಡಿ ತಪ್ಪು ತಿಳಿದು ಬಂದರು, ನೀವು ನನ್ನ ಮಾತು ಕೇಳಿ ತಪ್ಪು ತಿಳಿದಿರಿ, ಗೊತ್ತಾದ ಮೇಲೂ ನಾನು ತಿದ್ದಲಿಲ್ಲ. ಅದು ನನ್ನ ತಪ್ಪು.

ಅಕ್ಕನ ಮುಖ ಸಪ್ಪಗಾಯಿತು. ಫೋನುಗಳನ್ನೊಮ್ಮೆ, ತಮ್ಮನನ್ನೊಮ್ಮೆ ನೋಡಿದಳು.

“ಹಾಗಾದ್ರೆ ಬ್ಯಾಂಕಿನವರಿಗೆ ಹೂಂ ಅನ್ನಲಾ? ಅವರಿನ್ನೂ ಕಾಯ್ತಿದಾರೆ.”

ಅವನು ಅಂದಿನಂತೆಯೇ ಪುಟ್ಟಿಯ ಕಡೆ ನೋಡಿದ. ಅದನ್ನು ಅಕ್ಕನೂ ಕಂಡಳು.

“ಸರಿ, ಇವನಿಂದ ಆಗದ ಕೆಲಸ. ನೀನೇ ಹೇಳಮ್ಮ, ಅವನ ಬದಲು. ಏನಿದೆ ಇವನ ಮನಸ್ಸಲ್ಲಿ?”

ಪುಟ್ಟಿಗೆ ಅಳು, ಸಿಟ್ಟು, ನಗು ಎಲ್ಲ ಒಟ್ಟಿಗೆ ಬಂತು.

“ಇಲ್ಲ,” ಎಂದಳು. “ಇದೊಂದಕ್ಕೆ ಪ್ರಾಕ್ಸಿ ಕೊಡಲ್ಲ. ನನ್ನ ಮನಸ್ಸಲ್ಲಿ ಏನಿದೆ ಅಂತ ಕೇಳಿದ್ರೆ ನಾನು ಹೇಳ್ತೀನಿ. ಅವರದ್ದು ಅವರೇ ಹೇಳ್ಬೇಕು.”

ಅಕ್ಕ ಏನೋ ಹೇಳಲು ಬಾಯಿ ತೆರೆದಳು. ಮಾವ ಅಡ್ಡ ಬಂದು, ಸ್ವಲ್ಪ ತಡೀರಿ, ಅಳತೆ ತೊಗೊಳ್ಳುವಾಗ ಅಲುಗಾಡಿದರೆ ಬಟ್ಟೆ ಕೆಡುತ್ತೆ ಎಂದರು. ಆ ಮಾತಿಗೆ ಏನರ್ಥವೋ ಅವರಿಗೂ ಗೊತ್ತಿರಲಿಲ್ಲ, ಆದರೆ ಅಕ್ಕ ಬಾಯಿ ಮುಚ್ಚಿದಳು. ಫ್ಯಾನು ಫೋನುಗಳ ಮೇಲೆ ಗಾಳಿ ಬೀಸುತ್ತಲೇ ಇತ್ತು.

ಅವನು ಎರಡು ಹೆಜ್ಜೆ ಮುಂದೆ ಬಂದು ಪುಟ್ಟಿಯ ಎದುರಿಗೆ ನಿಂತ. ಅಂಗಡಿಯಲ್ಲಿ ನಿಲ್ಲುವಷ್ಟೇ ದೂರದಲ್ಲಿ. ತಲೆ ಒಂದಿಷ್ಟು ಓರೆಯಾಯಿತು. ಕೆಲಸದಲ್ಲಿರುವಾಗ ಅವನು ತೊದಲುವವನಲ್ಲ.

“ಒಂದು,” ಎಂದ. “ನಾನು ದಿನಾ ಈ ಮೆಟ್ಟಿಲು ಹತ್ತಿ ಬರ್ತಿದ್ದದ್ದು ಫೋನ್ ಒರೆಸೋಕೆ.”

ಗಾಜು ಬದಲಿಸುವವನಂತೆ ಕೈ ಎತ್ತಿ ಇಳಿಸಿದ.

“ಎರಡು. ನಿಮ್ಮನ್ನ ನೋಡೋಕೆ. ಬೇಡ ಅನ್ನೋಕೆ ನನಗಿದ್ದ ಕಾರಣ ನೀವೇ. ಅವತ್ತು ಹೇಳೋಕಾಗ್ಲಿಲ್ಲ.” ಅವನ ಹುಬ್ಬಿನ ನಡುವಿನ ಆ ಸಣ್ಣ ಗೆರೆ ಆಳವಾಯಿತು. “ಯಾವುದು ಸ್ಪಷ್ಟ?”

ಅವಳ ಕಣ್ಣು ತುಂಬಿಕೊಂಡು ಅವನ ಮುಖ, ಸ್ಟ್ಯಾಂಡು, ಹೊಲಿಗೆ ಮಷೀನು ಎಲ್ಲ ಕಲಸಿಹೋಗಿತ್ತು. ಆದರೂ ಇಷ್ಟು ದಿನಗಳಲ್ಲಿ ಮೊದಲ ಬಾರಿಗೆ ಅವಳಿಗೆ ಗೊಂದಲವಿರಲಿಲ್ಲ.

“ಎರಡನೇದು,” ಎಂದಳು. “ನನಗೂ ಎರಡನೇದೇ.”

ಅಕ್ಕನಿಗೆ ಇನ್ನು ತಡೆಯಲಾಗಲಿಲ್ಲ. ಕುರ್ಚಿಯಿಂದ ಅರ್ಧ ಎದ್ದು, “ಹಾಗಾದ್ರೆ ನಿನಗೆ ಈ ಹುಡುಗಿ…” ಎಂದು ಶುರು ಮಾಡಿದಳು.

“ಇಷ್ಟ, ಅಕ್ಕ,” ಎಂದ ಅವನು.

ಅಕ್ಕನ ಮಾತನ್ನು ಅವನು ಮುಗಿಸಿದ್ದು ಅದೇ ಮೊದಲು. ಅವಳು ಅರ್ಧ ಎದ್ದವಳು ಹಾಗೇ ಮತ್ತೆ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಾವ ಅಳತೆ ಟೇಪನ್ನು ಸುರುಳಿ ಸುತ್ತುತ್ತ, ಕಾಲೇಜಿನ ದಿನಗಳಿಂದ ಉಳಿದುಹೋಗಿದ್ದ ಯಾವುದೋ ಅನುಮಾನ ಪರಿಹಾರವಾದವರಂತೆ ತಲೆಯಾಡಿಸಿದರು.

“ಇದಪ್ಪ ಸ್ವಂತ ಅಟೆಂಡೆನ್ಸು,” ಎಂದರು.